ಚಿತ್ರ ಟಿವಿಗೆ, ಸದ್ದು ಅವರಿಗೆ

ನಮ್ಮ ಮನೆಯಲ್ಲಿ ಎರಡು ಟಿವಿಗಳಿವೆ. ನಡುಮನೆಯ ಗೋಡೆಗೆ ನೇತುಹಾಕಿರುವ ಚಪ್ಪಟೆ ಟಿವಿ ಮಗ ಸೊಸೆಯದು. ಹಿಂದಿನ ಕೋಣೆಯಲ್ಲಿ ಸ್ಟೂಲಿನ ಮೇಲೆ ಕೂತಿರುವ, ಬೆನ್ನು ಉಬ್ಬಿದ ಹಳೆಯ ಡಬ್ಬಾ ಟಿವಿ ನಮ್ಮಿಬ್ಬರದು. ಹೊಸದು ಬಂದ ದಿನ ಹಳೆಯದನ್ನು ಗುಜರಿಗೆ ಹಾಕೋಣ ಎಂದಿದ್ದ ಮಗ. ಚಿತ್ರ ಇನ್ನೂ ಚೆನ್ನಾಗಿ ಬರುತ್ತಿದೆಯಲ್ಲ, ನಮ್ಮ ಕೋಣೆಯಲ್ಲಿರಲಿ ಎಂದು ನಾನೇ ತಡೆದೆ. ಹಳೆಯ ಟಿವಿಯ ಜೊತೆಗೆ ಹಳೆಯ ಜನರೂ ಹಿಂದಿನ ಕೋಣೆಗೆ ಹೋಗುವುದಾದರೆ ಸೊಸೆಗೇನು ಕಷ್ಟ? ಅವಳು ಎರಡು ಮಾತಾಡದೆ ಒಪ್ಪಿಕೊಂಡಳು.

ಆ ಟಿವಿಯ ವಿಷಯ ಹೇಳಬೇಕಾದರೆ ಮೊದಲು ನಮ್ಮವರ ಕಿವಿಯ ವಿಷಯ ಹೇಳಬೇಕು. ನಾನೂ ನಮ್ಮ ಯಜಮಾನರೂ ತಮಿಳುನಾಡಿನ ಓಮಲೂರಿನಾಚೆ ಒಂದು ಮಗ್ಗದ ಶೆಡ್ಡಿನಲ್ಲಿ ದುಡಿದು ಮುದುಕರಾದವರು. ಕೈಮಗ್ಗವಲ್ಲ, ಕರೆಂಟಿನ ಮಗ್ಗ. ತಗಡಿನ ಚಾವಣಿಯ ಕೆಳಗೆ ಸಾಲಾಗಿ ಮಗ್ಗಗಳು ಓಡುತ್ತಿದ್ದರೆ ಪಕ್ಕದಲ್ಲಿ ನಿಂತವರು ಕಿರುಚಿದರೂ ಕೇಳಿಸುವುದಿಲ್ಲ. ಬೆಳಿಗ್ಗೆ ಒಳಗೆ ಹೋದರೆ ಕರೆಂಟು ಹೋದಾಗ ಮಾತ್ರ ನಮ್ಮ ದನಿ ನಮಗೆ ಕೇಳುತ್ತಿತ್ತು. ಆದರೆ ಶೆಡ್ಡಿನಲ್ಲಿ ಮಾತು ನಿಲ್ಲುತ್ತಿತ್ತು ಎಂದುಕೊಳ್ಳಬೇಡಿ. ಮಗ್ಗದವರು ತುಟಿಯಲ್ಲಿ ಮಾತಾಡುತ್ತಾರೆ. ದನಿ ಹೊರಡಿಸುವುದೇ ಇಲ್ಲ, ಬಾಯಿಯನ್ನು ಸ್ವಲ್ಪ ಅಗಲಿಸಿ ಆಡಿಸಿದರೆ ಸಾಕು, ಆ ಕಡೆಯ ಸಾಲಿನಲ್ಲಿರುವವರು ಓದಿಕೊಳ್ಳುತ್ತಾರೆ. ನೂಲು ಹರಿದರೆ ಎರಡು ಬೆರಳು ತಿರುಚುವುದು, ಓನರು ಬಂದರೆ ಮೀಸೆ ತೀಡುವುದು, ಹೀಗೆ ಕೈಸನ್ನೆಗಳೂ ಇದ್ದವು. ಉಳಿದದ್ದೆಲ್ಲ ತುಟಿ. ಯಾರ ಮನೆಯಲ್ಲಿ ಏನು ಸಾರು ಎನ್ನುವುದರಿಂದ ಹಿಡಿದು ಯಾರ ಮಗಳು ಯಾರ ಜೊತೆ ಬಸ್ಸು ಹತ್ತಿದಳು ಎನ್ನುವ ತನಕ ಎಲ್ಲವೂ ಆ ಗದ್ದಲದ ನಡುವೆಯೇ ನಡೆಯುತ್ತಿತ್ತು.

ನಾನು ಕೊಳತ್ತೂರು ಕಡೆಯವಳು. ಚಿಕ್ಕವಳಿದ್ದಾಗ ಕೊಳ್ಳೇಗಾಲದ ಸೋದರಮಾವನ ಮನೆಯಲ್ಲಿದ್ದು ಒಂದಷ್ಟು ವರ್ಷ ಶಾಲೆಗೆ ಹೋದೆ. ಕನ್ನಡ ಅಕ್ಷರ ಬಂದದ್ದು ಅಲ್ಲಿ. ನಮ್ಮ ಜನದಲ್ಲಿ ಕನ್ನಡ ಆಡುವವರು ಬೇಕಾದಷ್ಟಿದ್ದಾರೆ, ಬರೆಯುವವರು ಇಲ್ಲ. ಮದುವೆಯಾಗಿ ಓಮಲೂರಿಗೆ ಬಂದ ಮೇಲೆ ಬರೆಯುವುದಿರಲಿ, ಆಡುವುದೂ ಕಷ್ಟವಾಯಿತು. ಅತ್ತೆಯ ಎದುರಿಗೆ ಸೊಸೆ ಗಂಡನ ಜೊತೆ ಬಾಯಿ ಬಿಡುವಂತಿರಲಿಲ್ಲ. ಮನೆಯಲ್ಲಿ ನಾನು ಅವರಿಗೆ ಏನಾದರೂ ಹೇಳಬೇಕಾದರೆ ಗೋಡೆಗೆ ಹೇಳುವ ಹಾಗೆ ಹೇಳಬೇಕಿತ್ತು. ಶೆಡ್ಡಿನಲ್ಲಿ ಮಾತ್ರ ನಮ್ಮ ಮಗ್ಗಗಳು ಎದುರುಬದುರು ಇದ್ದವು. ಅಲ್ಲಿ ಅತ್ತೆಯಿಲ್ಲ, ಮಾವನಿಲ್ಲ, ಕೇಳಿಸಿಕೊಳ್ಳಲು ಯಾರಿಗೂ ಸಾಧ್ಯವಿಲ್ಲ. ಅವರ ಮುಖ ನೋಡಿಕೊಂಡು ಮಾತಾಡುವುದನ್ನು ನಾನು ಕಲಿತದ್ದೇ ಅಲ್ಲಿ. ಮನೆಯಲ್ಲಿ ‘ನೀವು’ ಎನ್ನುತ್ತಿದ್ದವಳು ಶೆಡ್ಡಿನಲ್ಲಿ ‘ನೀನು’ ಎನ್ನುತ್ತಿದ್ದೆ. ಅಷ್ಟು ದೂರದಿಂದ ತುಟಿಯಲ್ಲಿ ಹೇಳುವಾಗ ಚಿಕ್ಕ ಮಾತೇ ಬೇಕಾಗುತ್ತದೆ, ಮರ್ಯಾದೆಯನ್ನೆಲ್ಲ ಹೊತ್ತುಕೊಂಡು ಹೋಗಲು ಆಗುವುದಿಲ್ಲ. ಅವರೂ ಏನೂ ಅನ್ನುತ್ತಿರಲಿಲ್ಲ.

ಆ ಶೆಡ್ಡು ಅವರ ಕಿವಿಯನ್ನು ನಿಧಾನವಾಗಿ ತಿಂದುಹಾಕಿತು. ನನ್ನದು ಹೇಗೋ ಉಳಿಯಿತು. ತಮಾಷೆಯೆಂದರೆ ಅವರಿಗೆ ಕಿವಿ ಹೋಗಿದೆ ಎಂದು ಬಹಳ ಕಾಲ ಯಾರಿಗೂ ಗೊತ್ತಾಗಲೇ ಇಲ್ಲ. ಎದುರಿಗೆ ನಿಂತು ಯಾರು ಏನು ಕೇಳಿದರೂ ತುಟಿ ನೋಡಿ ಟಕ್ಕನೆ ಉತ್ತರ ಕೊಡುತ್ತಿದ್ದರು, ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲಿ, ತಮಿಳಿನಲ್ಲಿ ಕೇಳಿದರೆ ತಮಿಳಿನಲ್ಲಿ. ಹಿಂದಿನಿಂದ ಕರೆದರೆ ತಿರುಗುತ್ತಿರಲಿಲ್ಲ. ಅದನ್ನು ಮನೆಯವರು ಗತ್ತು ಎಂದುಕೊಂಡರು. ಸೇಲಂಗೆ ಕರೆದುಕೊಂಡು ಹೋದಾಗ ಡಾಕ್ಟರು ಮುಂದೆ ಕೂರಿಸಿಕೊಂಡು ಹೆಸರು, ಊರು, ಊಟ, ನಿದ್ದೆ ಎಲ್ಲ ವಿಚಾರಿಸಿದರು. ಇವರು ಒಂದನ್ನೂ ತಪ್ಪಿಸಲಿಲ್ಲ. ವಯಸ್ಸಾದ ಕಿವಿ, ಹೀಗೇ ಇರುತ್ತದೆ ಎಂದು ಕಳಿಸಿಬಿಟ್ಟರು. ಮತ್ತೊಂದು ಸಲ ಹೋದಾಗ ಕೋಣೆಯೊಳಗೆ ಒಬ್ಬರನ್ನೇ ಕೂರಿಸಿ ಯಂತ್ರದಲ್ಲಿ ಪರೀಕ್ಷೆ ಮಾಡಿದ ಮೇಲೆಯೇ ನಿಜ ಹೊರಬಿದ್ದದ್ದು. ಕಿವಿಗೆ ಹಾಕುವ ಮಿಷನ್ನೂ ಬಂತು. ಹಾಕಿಕೊಂಡ ದಿನವೇ ಕಿತ್ತಿಟ್ಟರು. ಪಾತ್ರೆ, ಫ್ಯಾನು, ಮಿಕ್ಸಿ ಎಲ್ಲ ಸೇರಿ ತಲೆಯೊಳಗೆ ನುಗ್ಗುತ್ತದಂತೆ.

"ತಿರುಗಾ ತರಿ ಓಡ್ಸ್‌ದಂಗೈತೆ. ಸಾಕು, ಬುಡು," ಎಂದರು. ತರಿ ಎಂದರೆ ಮಗ್ಗ. ಅವರ ಬಾಯಲ್ಲಿ ಮಗ್ಗ ಯಾವತ್ತೂ ತರಿಯೇ.

ಇನ್ನು ಸಂಜೆಯ ಟಿವಿ. ಕೆಲಸ ಬಿಟ್ಟ ಮೇಲೆ ಅವರಿಗೆ ಹೊತ್ತು ಕಳೆಯಲು ಬೇರೆ ಏನಿದೆ? ನಮ್ಮಿಬ್ಬರಿಗೂ ಒಂದು ಸೀರಿಯಲ್ಲು ಹಿಡಿದಿತ್ತು. ಹಿಂದಿಯಲ್ಲಿ ತೆಗೆದು ತಮಿಳಿನಲ್ಲಿ ದನಿ ಕೊಟ್ಟದ್ದು. ದೊಡ್ಡ ಮನೆ, ಮೈತುಂಬ ಒಡವೆ, ಅಡುಗೆಮನೆಯಲ್ಲೂ ರೇಷ್ಮೆ ಸೀರೆ. ಬೇರೆ ಕಾರ್ಯಕ್ರಮವಾದರೆ ಇವರು ಅಷ್ಟೋ ಇಷ್ಟೋ ತುಟಿ ಓದಿಕೊಳ್ಳುತ್ತಿದ್ದರು. ಈ ಸೀರಿಯಲ್ಲಿನಲ್ಲಿ ಅದು ನಡೆಯುತ್ತಿರಲಿಲ್ಲ. ತುಟಿ ಹಿಂದಿ, ಮಾತು ತಮಿಳು, ಒಂದಕ್ಕೊಂದು ತಾಳೆಯೇ ಇಲ್ಲ. ಹಾಗಾಗಿ ಅವರು ದನಿಯನ್ನು ಪೂರ್ತಿ ಏರಿಸಿ, ಅದರಿಂದಲೂ ಏನೂ ಗೊತ್ತಾಗದೆ, ನನ್ನ ಕಡೆಗೆ ತಿರುಗುತ್ತಿದ್ದರು. "ಏನಂತೆ?" ಎಂದು ಗದ್ದ ಎತ್ತುತ್ತಿದ್ದರು. ನಾನು ಶೆಡ್ಡಿನ ಹಾಗೆ ತುಟಿಯಲ್ಲಿ, ಕನ್ನಡದಲ್ಲಿ ಹೇಳುತ್ತಿದ್ದೆ. ಅವರು ಒಂದು ಸಲ ಟಿವಿ, ಒಂದು ಸಲ ನನ್ನ ಮುಖ, ಹೀಗೆ ನೋಡುತ್ತಾ ಕೂರುತ್ತಿದ್ದರು.

ಮಗ ಕನ್ನಡದಲ್ಲಿ ಕೇಳಿದರೂ ತಮಿಳಿನಲ್ಲಿ ಉತ್ತರ ಕೊಡುವವನು. ಸೊಸೆ ನಮ್ಮ ಜನದವಳೇ ಆದರೂ ತವರಿನಲ್ಲೇ ಕನ್ನಡ ಬಿಟ್ಟು ಬಂದವಳು. ಮೊಮ್ಮಗಳಿಗೆ ನಾನು ಆಡುವುದು ನಗೆಯ ವಸ್ತು. ಮನೆತುಂಬ ಜನವಿದ್ದರೂ ನಾನು ಕನ್ನಡದಲ್ಲಿ ನಾಲ್ಕು ಮಾತಾಡುತ್ತಿದ್ದುದು ಆ ಹೊತ್ತಿನಲ್ಲಿ, ಆ ಮನುಷ್ಯನ ಜೊತೆಗೆ ಮಾತ್ರ. ಅದೂ ಸದ್ದಿಲ್ಲದೆ.

ನಾನು ಹೇಳುತ್ತಿದ್ದುದು ಸೀರಿಯಲ್ಲಿನ ಮಾತೇ ಆಗಿತ್ತೇ? ಮೊದಮೊದಲು ಹೌದು. ಆಮೇಲೆ ಬೇಜಾರು ಬಂತು. ಆ ಒಡವೆ ಹೆಂಗಸು ಗಂಡ ಏನು ಮಾಡಿದರೂ ಕೈ ಮುಗಿಯುವವಳು. ಅವನು ಬೈದರೂ ‘ನನ್ನದೇ ತಪ್ಪು’, ಮನೆಯಿಂದ ಹೊರಗೆ ಹಾಕಿದರೂ ‘ನೀವು ಚೆನ್ನಾಗಿರಿ’. ಇದನ್ನು ತಮಿಳಿನಲ್ಲಿ ಕೇಳಿಸಿಕೊಂಡು ಕನ್ನಡದಲ್ಲಿ ಮತ್ತೆ ಹೇಳಲು ನನ್ನ ಬಾಯಿ ಏಳುತ್ತಿರಲಿಲ್ಲ. ಒಂದು ಸಂಜೆ ಅವಳು ಗಂಡನಿಗೆ ಊಟ ಬಡಿಸುತ್ತಿದ್ದಳು. ಬಾಯಲ್ಲಿ ಏನೋ ಸಿಹಿ ಮಾತು. ಇವರು ಗದ್ದ ಎತ್ತಿದರು. ನಾನು ತುಟಿಯಲ್ಲಿ ಹೇಳಿದೆ: ‘ಇಷ್ಟು ವರ್ಷ ಬಡಿಸಿದ್ದೀನಿ, ನೀನು ಉಂಡೆಯಾ ಅಂತ ಒಂದು ದಿನ ಕೇಳಿದ್ದೀಯಾ, ಅಂತಿದ್ದಾಳೆ.’

ಅವರು ಟಿವಿಯ ಆ ಗಂಡನನ್ನು ಸಿಟ್ಟಿನಿಂದ ನೋಡಿದರು. "ಸರಿಯಾಗೇ ಕೇಳವ್ಳೆ! ತಿನ್ನೋದೊಂದೇ ಗೊತ್ತು ಆ ನನ್ಮಗ್ನಿಗೆ," ಎಂದರು.

ಈ ಮನುಷ್ಯನ ಬಾಯಿಂದ ಈ ಮಾತು! ಅವತ್ತಿನಿಂದ ನಾನು ಹಿಂದೆ ಮುಂದೆ ನೋಡಲಿಲ್ಲ. ಆ ಹೆಂಗಸಿನ ಬಾಯಿ ನನ್ನದಾಯಿತು. ಅವಳು ಅಳುವಾಗ ನನ್ನ ಅಳು ಹೇಳಿದೆ, ಅವಳು ನಗುವಾಗ ನನ್ನ ಕೊಂಕು ಹೇಳಿದೆ. ಅತ್ತೆ ನನ್ನ ತವರಿನವರನ್ನು ಬಾಗಿಲಲ್ಲೇ ನಿಲ್ಲಿಸಿ ಕಳಿಸಿದ್ದನ್ನು ಹೇಳಿದೆ. ಮಾತು ಬಂದಾಗ ತಲೆ ತಗ್ಗಿಸಿ ಕೂತಿದ್ದ ಗಂಡನ ವಿಷಯ ಹೇಳಿದೆ. ಅವರು ಪ್ರತಿ ಸಲವೂ ಅವಳ ಪರ. ಅವಳ ಗಂಡನಿಗೆ ಶಾಪ ಹಾಕುತ್ತಿದ್ದರು, ಅವಳನ್ನು ‘ಪಾಪ, ಬಂಗಾರದಂಥ ಎಂಗ್ಸು’ ಎನ್ನುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಆ ಪಾಪವನ್ನೂ ಬಂಗಾರವನ್ನೂ ನನಗೇ ಎಂದು ಎತ್ತಿಟ್ಟುಕೊಳ್ಳುತ್ತಿದ್ದೆ. ಯಾರಾದರೂ ಇದನ್ನು ಸುಳ್ಳು ಎಂದರೆ ಒಪ್ಪುವುದಿಲ್ಲ. ನಾನು ಹೇಳಿದ್ದರಲ್ಲಿ ಒಂದೇ ಒಂದು ಮಾತೂ ಸುಳ್ಳಿರಲಿಲ್ಲ, ಸೀರಿಯಲ್ಲಿನದಾಗಿರಲಿಲ್ಲ ಅಷ್ಟೆ.

ಒಂದು ಸಂಜೆಯದನ್ನು ಹೇಳಲೇಬೇಕು. ಸೀರಿಯಲ್ಲಿನ ಹೆಂಗಸು ಮೆಟ್ಟಿಲಿಂದ ಬಿದ್ದು ಹೊಟ್ಟೆಯಲ್ಲಿದ್ದ ಮಗುವನ್ನು ಕಳೆದುಕೊಂಡಿದ್ದಳು. ಅದೇ ವಾರ ಮನೆಗೆ ನೆಂಟರು. ಗಂಡ ಬಂದು, ಎದ್ದು ಅಡುಗೆ ನೋಡು ಎನ್ನುತ್ತಾನೆ. ಅವಳು ಅಡುಗೆಮನೆಯಲ್ಲಿ ಒಲೆಯ ಮುಂದೆ ನಿಂತು ಅವನಿಗೆ ಏನೋ ಹೇಳುತ್ತಾಳೆ. ಆ ದೃಶ್ಯ ಬಂದಾಗ ಟಿವಿಯ ಮಾತು ನನ್ನ ಕಿವಿಗೂ ಬೀಳಲಿಲ್ಲ. ನಮ್ಮ ಮಗ ಹುಟ್ಟುವುದಕ್ಕೆ ಮುಂಚೆ ನನಗೂ ಒಂದು ಹೀಗೆಯೇ ಕಳೆದುಹೋಗಿತ್ತು. ಪೊಂಗಲ್ ಹತ್ತಿರವಿತ್ತು, ವೇಷ್ಟಿ ಪಂಚೆಗಳ ಆರ್ಡರು ತಲೆ ಮೇಲಿತ್ತು. ನಾನಿನ್ನೂ ಚಾಪೆ ಬಿಟ್ಟು ಎದ್ದಿರಲಿಲ್ಲ. ಇವರು ಬಂದು ಬಾಗಿಲಲ್ಲಿ ನಿಂತು, ನಿನ್ನ ತರಿ ನಿಂತಿದೆ, ಓನರು ಕೇಳುತ್ತಿದ್ದಾರೆ ಎಂದರು. ಅಷ್ಟೇ ಅಂದದ್ದು. ನಾನು ಎದ್ದು ಹೋದೆ. ಎದುರು ಮಗ್ಗದಿಂದ ಅವರು ನೂಲಿನ ವಿಷಯ ಹೇಳಿದರು, ನೂಲು ಸುತ್ತುವ ಕಂಡಿಕೆಯ ವಿಷಯ ಹೇಳಿದರು. ಕಳೆದುಹೋದದ್ದರ ವಿಷಯ ಅವತ್ತೂ ಎತ್ತಲಿಲ್ಲ, ಆಮೇಲೆಯೂ ಎತ್ತಲಿಲ್ಲ. ನಮ್ಮ ಸಂಸಾರದಲ್ಲಿ ಅದು ನಡೆದೇ ಇರಲಿಲ್ಲ ಎನ್ನುವ ಹಾಗೆ ಮಗ ಹುಟ್ಟಿದ, ಬೆಳೆದ.

ಇವರು ಗದ್ದ ಎತ್ತಿ ಕೇಳಿದರು. ನಾನು ಹೇಳಿದೆ: ‘ನನ್ನ ಒಡಲು ಬರಿದಾಗಿ ಇನ್ನೂ ಸೂತಕ ಕಳೆದಿಲ್ಲ, ಎದ್ದು ಕೆಲಸಕ್ಕೆ ನಿಲ್ಲು ಅಂತೀಯಲ್ಲ. ಅದು ನಿಂದೂ ಅಲ್ಲವಾ? ನೋವಾಗ್ತಿದೆಯಾ ಅಂತ ಒಂದು ಸಲ ಕೇಳಿದ್ದರೆ ನಿನ್ನ ಗಂಟೇನು ಹೋಗ್ತಿತ್ತು?’

ಅವರು ಟಿವಿಯ ಕಡೆಗೆ ತಿರುಗಿದರು. "ಥೂ, ಅವ್ನೂ ಒಬ್ಬ ಗಂಡ್ಸಾ! ಎಂಡ್ರು ಸತ್ತು ಬದ್ಕವ್ಳೆ, ಅವ್ನಿಗೆ ನೆಂಟ್ರ ಚಿಂತೆ," ಎಂದು ಹೆಗಲ ಟವೆಲಿನಿಂದ ಕಣ್ಣು ಒರೆಸಿಕೊಂಡರು. ನಿಜವಾಗಿ ಒರೆಸಿಕೊಂಡರು, ನಾನು ಕಂಡೆ. ಅವತ್ತು ನಾನು ಎರಡು ತುತ್ತು ಹೆಚ್ಚಿಗೆ ಉಂಡೆ. ಇಷ್ಟು ವರ್ಷಕ್ಕೆ ನನಗೂ ಒಂದು ನ್ಯಾಯ ಸಿಕ್ಕಿತು ಎಂದುಕೊಂಡೆ.

ಹೀಗೆ ನಡೆಯುತ್ತಿದ್ದ ಸಂಸಾರಕ್ಕೆ ಕಲ್ಲು ಹಾಕಿದ್ದು ಟಿವಿಯ ಸದ್ದು. ಇವರು ದನಿ ಏರಿಸಿದರೆ ನಡುಮನೆಯಲ್ಲಿ ಫೋನಿನಲ್ಲಿ ಮಾತಾಡುವುದಕ್ಕೂ ಆಗುವುದಿಲ್ಲ ಎಂಬುದು ಸೊಸೆಯ ದೂರು. ಮಗು ಓದುವುದು ಹೇಗೆ ಎಂದಳು. ಪಕ್ಕದ ಮನೆಯವರೂ ಕೇಳಿದರಂತೆ. ದೂರು ಸುಳ್ಳೇನಲ್ಲ. ನಾನೇ ಎಷ್ಟೋ ಸಲ ರಿಮೋಟು ಕಿತ್ತುಕೊಂಡು ಸದ್ದು ಇಳಿಸಿದ್ದೇನೆ. ಸದ್ದು ಇದ್ದರೂ ಇಲ್ಲದಿದ್ದರೂ ಅವರಿಗೆ ನನ್ನ ತುಟಿಯಲ್ಲದೆ ಗತಿಯಿರಲಿಲ್ಲ, ಆದರೂ ಏರಿಸುವುದು ಅವರ ಹಟ. ಸದ್ದು ಮಾಡದ ಟಿವಿ ಅವರ ಲೆಕ್ಕದಲ್ಲಿ ಕೆಟ್ಟ ಟಿವಿ.

ಮಗ ಒಂದು ಭಾನುವಾರ ಸಣ್ಣ ಪೆಟ್ಟಿಗೆ ಬಿಚ್ಚಿದ. ಒಳಗೆ ತಲೆಯ ಮೇಲಿನಿಂದ ಎರಡೂ ಕಿವಿ ಮುಚ್ಚುವ ಹೆಡ್‌ಫೋನು, ವೈರೇ ಇಲ್ಲ. ಜೊತೆಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಕಪ್ಪು ಡಬ್ಬಿ. "ಅಮ್ಮಾ, ಇದು ಬ್ಲೂಟೂತ್. ಟಿವಿ ಪಳಸು ದಾನ್, ಇರುಂದಾಲುಂ ಇದು ವೇಲೆ ಸೆಯ್ಯುಂ," ಎಂದ. ಟಿವಿ ಹಳೆಯದಾದರೂ ಕೆಲಸ ಮಾಡುತ್ತದಂತೆ. ಹಳೆಯ ಟಿವಿಗೆ ಬ್ಲೂಟೂತ್ ಎಂದರೇನೆಂದೇ ಗೊತ್ತಿಲ್ಲ, ಅದಕ್ಕೆ ಈ ಡಬ್ಬಿ ಬೇಕು. ಡಬ್ಬಿ ಸದ್ದನ್ನು ತೆಗೆದುಕೊಂಡು ಗಾಳಿಯಲ್ಲಿ ಹೆಡ್‌ಫೋನಿಗೆ ಕಳಿಸುತ್ತದೆ.

ಮೊದಲು ಅವನು ಡಬ್ಬಿಯ ವೈರನ್ನು ತಂದು ಟಿವಿಯ ಹಿಂಬದಿಯ ತೂತುಗಳಿಗೇ ಚುಚ್ಚಿದ. ಏನೂ ಬರಲಿಲ್ಲ. ಆ ತೂತುಗಳು ಸದ್ದು ಒಳಗೆ ಹೋಗುವವು, ಹೊರಗೆ ಬರುವವಲ್ಲ ಎಂದು ಫೋನಿನಲ್ಲಿ ವಿಡಿಯೋ ನೋಡಿ ತಿಳಿದುಕೊಂಡ. ಆಮೇಲೆ ಕೇಬಲ್ಲಿನ ಸೆಟ್‌ಟಾಪ್ ಬಾಕ್ಸಿನಿಂದ ಟಿವಿಗೆ ಬರುತ್ತಿದ್ದ ಮೂರು ಪಿನ್ನುಗಳನ್ನು ಹಿಡಿದುಕೊಂಡ. ಹಳದಿ ಪಿನ್ನು ಚಿತ್ರದ್ದು. ಕೆಂಪು, ಬಿಳಿ ಎರಡೂ ಸದ್ದಿನವು. ಕೆಂಪು ಬಿಳಿಯನ್ನು ಟಿವಿಯಿಂದ ಕಿತ್ತು, ನಡುವೆ ಒಂದು ಚಿಕ್ಕ ಕೊಂಡಿ ಇಟ್ಟು ಡಬ್ಬಿಗೆ ಸೇರಿಸಿದ. ಹಳದಿ ಒಂದೇ ಟಿವಿಯಲ್ಲಿ ಉಳಿಯಿತು. ಡಬ್ಬಿಯ ನೀಲಿ ದೀಪ ಮಿಣುಕುತ್ತಾ ಹೆಡ್‌ಫೋನನ್ನು ಹುಡುಕಿತು, ಸಿಕ್ಕಿದ ಮೇಲೆ ನೆಟ್ಟಗೆ ನಿಂತಿತು. ಟಿವಿ ಮೂಕವಾಯಿತು.

ಮಗ ಹೆಡ್‌ಫೋನನ್ನು ಅಪ್ಪನ ತಲೆಗೆ ಏರಿಸಿ ದನಿ ಹೆಚ್ಚಿಸಿದ. ಇವರ ಮುಖ ನೋಡಬೇಕಿತ್ತು. ಬಾಯಿ ತೆರೆದೇ ಇತ್ತು. "ಕೇಳ್ತೈತಲ್ಲಾ! ಪ್ರತಿ ಮಾತೂ ಕೇಳ್ತೈತೆ ಕಣ್ಲಾ!" ಎಂದು ಬೀದಿಗೆ ಕೇಳುವ ಹಾಗೆ ಕೂಗಿದರು. ಸೊಸೆ ಅಡುಗೆಮನೆಯಿಂದ ಓಡಿ ಬಂದಳು. ಎಲ್ಲರೂ ನಕ್ಕರು. ನಾನೂ ನಗಬೇಕಾಯಿತು, ನಕ್ಕೆ. ಇನ್ನು ಆ ಹೆಂಗಸು ಏನು ಹೇಳುತ್ತಾಳೆಂದು ಇವರಿಗೆ ಅವಳಿಂದಲೇ ಗೊತ್ತಾಗುತ್ತದೆ.

"ನನಗೆ ಕೇಳೋದು ಎಂಗಪ್ಪಾ?" ಎಂದೆ ಮಗನಿಗೆ.

ಅವನು ಆ ಕಡೆ ಯೋಚಿಸಿಯೇ ಇರಲಿಲ್ಲ. "ಉನಕ್ಕೆನ್ನಮ್ಮಾ, ನೀ ನಡುಮನೆಗೆ ಬಂದು ದೊಡ್ಡ ಟಿವಿ ಪಾರು," ಎಂದು ಎರಡು ಭಾಷೆ ಕಲಸಿ ಹೇಳಿ ಪೆಟ್ಟಿಗೆಯ ಕಸ ಎತ್ತಿಕೊಂಡು ಹೋದ. ದೊಡ್ಡ ಟಿವಿಯಲ್ಲಿ ಆ ಹೊತ್ತಿಗೆ ಸೊಸೆಯ ಕಾರ್ಯಕ್ರಮ ಬರುತ್ತದೆ ಎಂದು ಅವನಿಗೂ ಗೊತ್ತು. ಚಿತ್ರ ಟಿವಿಗೆ, ಸದ್ದು ಅವರಿಗೆ, ನನಗೆ ಏನೂ ಇಲ್ಲ.

ಅವತ್ತು ಸಂಜೆ ಒಂದು ಆಸೆ ಹುಟ್ಟಿತು. ವಾರ್ತೆ ನೋಡುತ್ತಿದ್ದ ಇವರು ಹೆಡ್‌ಫೋನು ಕಿತ್ತು ಮಗನನ್ನು ಕರೆದರು. "ಇದ್ರಲ್ಲಿ ಏನೋ ದೋಸ ಐತೆ. ಬಾಯಿ ಮುಂದ್ಕ್ ಓಯ್ತದೆ, ಮಾತು ಇಂದ್ಗಡೆ ಬತ್ತದೆ," ಎಂದರು. ಮಗ ಹಾಕಿಕೊಂಡು ನೋಡಿ, ತನಗೇನೂ ಕಾಣುತ್ತಿಲ್ಲ ಎಂದ. ನಾನೂ ಹಾಕಿಕೊಂಡು ನೋಡಿದೆ. ಇವರು ಹೇಳಿದ್ದು ನಿಜ. ಗಾಳಿಯಲ್ಲಿ ಬರುವ ಸದ್ದು ಕೂದಲೆಳೆಯಷ್ಟು ತಡ. ವಾರ್ತೆ ಓದುವವಳ ತುಟಿ ಮುಚ್ಚಿದ ಮೇಲೆ ಅವಳ ಮಾತು ಮುಗಿಯುತ್ತಿತ್ತು. ಕಿವಿಯಲ್ಲಿ ಕೇಳಿ ಬೆಳೆದವರಿಗೆ ಅದು ಗೊತ್ತಾಗುವುದಿಲ್ಲ. ತುಟಿ ಓದಿ ಬದುಕಿದವರಿಗೆ ಕಣ್ಣಿಗೆ ಮರಳು ಬಿದ್ದ ಹಾಗೆ. ಇವರು ಇದನ್ನು ನಾಳೆಯೇ ಮೂಲೆಗೆ ಎಸೆಯುತ್ತಾರೆ, ಕಿವಿ ಮಿಷನ್ನಿನ ಗತಿಯೇ ಇದಕ್ಕೂ ಎಂದು ನಾನು ಒಳಗೊಳಗೇ ಹಿಗ್ಗಿದೆ.

ನಾನು ಹಿಗ್ಗಿದ್ದೇ ಬಂತು. ಸೀರಿಯಲ್ಲಿನ ಹೊತ್ತಾಯಿತು. ಇವರು ಸ್ವಲ್ಪ ಹೊತ್ತು ಕಣ್ಣು ಕಿರಿದು ಮಾಡಿಕೊಂಡು ನೋಡಿದರು. ನಾನು ಪಕ್ಕದಲ್ಲಿ ಕೂತು ಅವರ ಗದ್ದ ಏಳುವುದನ್ನೇ ಕಾಯುತ್ತಿದ್ದೆ. ಅವರು ಗೋಡೆಗೆ ಒರಗಿದರು, ಕಾಲು ಚಾಚಿದರು, ಕಣ್ಣು ಮುಚ್ಚಿಕೊಂಡರು. "ಕಣ್ ಮುಚ್ಕಂಡ್ರೆ ಸರಿಯಾಗ್ ಬತ್ತೈತೆ. ಇದ್ರಲ್ಲಿ ಎಂಗಿದ್ರೂ ಬಾಯಿಗೂ ಮಾತಿಗೂ ಸೇರಾಕಿಲ್ಲ," ಎಂದರು. ಆಮೇಲೆ ಅವರ ಮುಖದಲ್ಲಿ ತಾನಾಗಿ ನಗು ಬಂತು, ತಾನಾಗಿ ಹೋಯಿತು. ನಾನು ಹೇಳಿ ತರಿಸಿದ್ದಲ್ಲ.

ನಾನು ಸದ್ದಿಲ್ಲದ ಟಿವಿ ನೋಡಿದೆ. ಆ ಹೆಂಗಸು ಬಾಯಿ ಆಡಿಸುತ್ತಿದ್ದಳು. ಹಿಂದಿಯ ತುಟಿ ನನಗೂ ಬರುವುದಿಲ್ಲ. ಅವರ ಮೊಣಕೈ ಮುಟ್ಟಿ, ಏನಂತೆ ಎಂದು ಕೇಳಿದೆ. ಅವರು ಕಣ್ಣು ತೆರೆಯದೆ, ಸೊಳ್ಳೆ ಓಡಿಸುವ ಹಾಗೆ ಕೈ ಆಡಿಸಿದರು. ನಾನು ಎಷ್ಟೋ ಸಂಜೆ ನನ್ನ ಗಂಟಲು ಒಣಗಿಸಿಕೊಳ್ಳದೆಯೇ ಬಾಯಿ ನೋಯಿಸಿಕೊಂಡು ಇವರಿಗೆ ಲೋಕದ ಸುದ್ದಿಯನ್ನೆಲ್ಲ ಹೇಳಿದ್ದೆ. ನನಗೊಂದು ಮಾತು ತಿರುಗಿ ಹೇಳಬೇಕೆಂದು ಅವರಿಗೆ ಹೊಳೆಯಲಿಲ್ಲ. ಅವತ್ತಿನಿಂದ ಆ ಕೋಣೆಯಲ್ಲಿ ಕಿವುಡಿ ನಾನು.

ಮನೆ ಶಾಂತವಾಯಿತು ಎಂದು ಎಲ್ಲರಿಗೂ ಸಂತೋಷ. "ಈಗ ಎಷ್ಟು ನಿಮ್ಮದಿ ಅತ್ತೆ," ಎಂದಳು ಸೊಸೆ, ನೆಮ್ಮದಿಯನ್ನು ತಮಿಳು ಮಾಡಿಕೊಂಡು. ಹೌದಮ್ಮಾ ಎಂದೆ. ಇನ್ನೇನು ಹೇಳಲಿ? ನಾನು ಇವರ ಜೊತೆ ಬಾಯಾಡಿಸುತ್ತಿದ್ದೆ, ಈಗ ಅದು ಹೋಯಿತು ಎಂದು ಹೇಳಿದರೆ ಮಗ ಇನ್ನೊಂದು ಹೆಡ್‌ಫೋನು ತರಿಸಿಕೊಡುತ್ತಿದ್ದ. ಇಬ್ಬರೂ ಕಿವಿ ಮುಚ್ಚಿಕೊಂಡು ಕೂರಬೇಕಾಗುತ್ತಿತ್ತು.

ಒಂದು ದಿನ ಊಟಕ್ಕೆ ಕೂತಾಗ ಇವರು ತಾವಾಗಿಯೇ ಸೀರಿಯಲ್ಲಿನ ಮಾತು ತೆಗೆದರು. "ಆ ಎಂಗ್ಸು ಯಾಕೋ ಮೊದಲ್ನಂಗಿಲ್ಲ ಕಣ್ಲೇ. ಮೊದ್ಲು ಎಷ್ಟ್ ಚೆಂದ ಮಾತಾಡೋಳು! ಕೇಳ್ತಾ ಇದ್ರೆ ಕರ್ಳು ಚುರುಕ್ ಅನ್ನೋದು. ಈಗ ಬರೀ ಆಗ್ಲಿ, ಆಗ್ಲಿ ಅಂತಾಳೆ."

ಮದುವೆಯಾದಾಗಿನಿಂದ ಈ ಮನುಷ್ಯ ನನ್ನ ಮಾತನ್ನು ಚೆಂದ ಎಂದಿರಲಿಲ್ಲ. ಅದನ್ನು ಹೇಳಿದ್ದು ನಾನೇ ಎನ್ನುವ ಮಾತು ತುಟಿಯ ತನಕ ಬಂತು. ನುಂಗಿಕೊಂಡೆ. ಒಳಗೆ ಮಾತ್ರ ಒಂದು ಹುಚ್ಚು ಲೆಕ್ಕಾಚಾರ ಶುರುವಾಯಿತು. ಇವರಿಗೆ ಆ ಹಳೆಯ ಹೆಂಗಸೇ ಬೇಕು. ಅವಳು ಯಾರೆಂದು ಗೊತ್ತಾದರೆ ಇವರು ನನ್ನ ಕಡೆಗೆ ತಿರುಗಬಹುದು. ನೀನಾ ಅದು ಎಂದು ಕೇಳಬಹುದು. ಕಳೆದುಹೋದದ್ದರ ವಿಷಯ ನಾವಿಬ್ಬರೂ ಒಂದು ಸಲವಾದರೂ ಬಾಯಿ ಬಿಟ್ಟು ಆಡಬಹುದು. ಈ ವಯಸ್ಸಿನಲ್ಲಿ ನನಗೆ ಬೇಕಾಗಿದ್ದುದು ಅಷ್ಟೇ. ಒಂದೇ ಒಂದು ಸಲ, ಟಿವಿಯ ಗಂಡನಿಗಲ್ಲ, ಆ ಮಾತು ತಮಗೇ ಸೇರಿದ್ದು ಎಂದು ಇವರು ಕೇಳಿಸಿಕೊಳ್ಳಬೇಕಿತ್ತು.

ಸೀರಿಯಲ್ಲಿನವರಿಗೆ ಕತೆ ಎಳೆಯುವುದಕ್ಕೆ ಏನೂ ಸಿಗದಿದ್ದರೆ ಹಳೆಯದನ್ನೇ ಮತ್ತೆ ತೋರಿಸುತ್ತಾರೆ. ಆ ಹೆಂಗಸು ಕಿಟಕಿಯ ಹತ್ತಿರ ನಿಂತು ಏನೋ ನೆನೆಸಿಕೊಳ್ಳುತ್ತಾಳೆ, ಚಿತ್ರ ಕಪ್ಪು ಬಿಳುಪಾಗುತ್ತದೆ. ಆವತ್ತೂ ಹಾಗೇ ಆಯಿತು. ನಾನು ಹೂವು ಕಟ್ಟುತ್ತಾ ಕೂತಿದ್ದೆ. ತಲೆ ಎತ್ತಿದರೆ ಟಿವಿಯಲ್ಲಿ ಅದೇ ಅಡುಗೆಮನೆ, ಅದೇ ಒಲೆ, ಬಾಗಿಲಲ್ಲಿ ಅದೇ ಗಂಡ. ಅವಳು ಅವನ ಕಡೆ ತಿರುಗಿ ಬಾಯಿ ತೆರೆದಳು. ನನಗೆ ಸದ್ದಿಲ್ಲ. ನಾನು ಇವರ ಮುಖ ನೋಡಿದೆ.

ಇವರು ಕಣ್ಣು ತೆರೆದರು. ಟಿವಿ ನೋಡಿದರು. ಹೆಡ್‌ಫೋನನ್ನು ಕುತ್ತಿಗೆಗೆ ಇಳಿಸಿಕೊಂಡು ನನ್ನ ಕಡೆಗೆ ತಿರುಗಿದರು. ಡಬ್ಬಿ ಬಂದ ಮೇಲೆ ಅವರು ನನ್ನ ಮುಖವನ್ನು ನೇರವಾಗಿ ನೋಡಿದ್ದು ಆಗಲೇ.

"ಇದು ಆವತ್ತೇ ಬಂದಿತ್ತಲ್ಲ?"

ನಾನು ಹೌದೆಂದು ತಲೆಯಾಡಿಸಿದೆ.

"ಆವತ್ತು ಬೇರೆ ಏಳಿದ್ದೆ ನೀನು. ಒಡಲು ಬರಿದಾಯ್ತು, ಕೆಲ್ಸಕ್ಕೆ ನಿಲ್ಲು ಅಂತೀಯ ಅಂತೆಲ್ಲ. ಅವ್ಳು ಅಂಗಂದೇ ಇಲ್ಲ. ‘ನನಗೇನೂ ಇಲ್ಲ, ನೀವ್ ಓಗಿ ನೆಂಟ್ರನ್ನ ನೋಡ್ಕಳಿ’ ಅಂದ್ಲು. ಅಷ್ಟೇ."

‘ಅದು ಅವಳಲ್ಲ, ನಾನು,’ ಎಂದೆ ತುಟಿಯಲ್ಲಿ. ‘ಆವತ್ತು ಹೇಳಿದ್ದು ನನ್ನದು. ಪೊಂಗಲ್ಲಿಗೆ ಮುಂಚೆ. ನೀನು ಬಂದು ತರಿ ನಿಂತಿದೆ ಅಂದೆಯಲ್ಲ, ಅವತ್ತಿನದು. ಎಲ್ಲಾ ಮಾತೂ ನಂದೇ.’

ಅವರು ಓದಿಕೊಂಡರು. ಒಂದು ಅಕ್ಷರವೂ ತಪ್ಪಿಲ್ಲ ಎಂದು ಅವರ ಕಣ್ಣು ನೋಡಿಯೇ ಗೊತ್ತಾಯಿತು. ಮುಖದಲ್ಲಿ ಏನೋ ಹಾದುಹೋಯಿತು. ಈಗ ಕೇಳುತ್ತಾರೆ, ಈಗ ಏನಾದರೂ ಹೇಳುತ್ತಾರೆ ಎಂದು ನಾನು ಹೂವನ್ನು ಮಡಿಲಲ್ಲಿ ಬಿಟ್ಟು ಕಾದೆ. ಅವರು ಟಿವಿಯ ಕಡೆ ಕೈ ತೋರಿಸಿದರು.

"ಅದೇ ಅಂದ್ಕಂಡೆ. ಅವ್ಳು ಒಳ್ಳೆ ಮನೆ ಎಂಗ್ಸು, ಅಂಗೆಲ್ಲ ಆಡಾಕಿಲ್ಲ. ನಿಂಗ್ ನಾನೇನ್ ಕಮ್ಮಿ ಮಾಡಿದ್ನೇ? ಯಾವ್ ಕಾಲದ್ದೋ ತಂದು ಸೀರಿಯಲ್ಗೆ ಸೇರಿಸ್ತಾ ಕುಂತಿದ್ಯಾ, ಊರು ನಗ್ತದೆ."

ಟವೆಲಿನಲ್ಲಿ ಕಣ್ಣು ಒರೆಸಿಕೊಂಡದ್ದು ಇದೇ ಮನುಷ್ಯ. ಅವೇ ಮಾತುಗಳು. ಟಿವಿಯವಳ ಬಾಯಲ್ಲಿ ಇದ್ದಾಗ ಬಂಗಾರ, ನನ್ನ ಬಾಯಿಗೆ ಬಂದ ಕೂಡಲೇ ಊರು ನಗುವಂಥದ್ದು. ನನಗೆ ಸಿಟ್ಟು ಬಂತು. ‘ಕಮ್ಮಿ ಏನು ಅಂತ ಕೇಳ್ತೀಯಾ, ಕೇಳು,’ ಎಂದು ಶುರು ಮಾಡಿದೆ. ಚಾಪೆಯಿಂದ ಎದ್ದದ್ದು, ಗೋಡೆ ಹಿಡಿದು ಬಾಗಿಲ ತನಕ ಹೋದದ್ದು ಹೇಳುತ್ತಿದ್ದೆ. ಅವರು ಅರ್ಧಕ್ಕೇ ಹೆಡ್‌ಫೋನನ್ನು ಎತ್ತಿ ತಲೆಗೆ ಹಾಕಿಕೊಂಡರು. ಗೋಡೆಗೆ ಒರಗಿದರು. ಕಣ್ಣು ಮುಚ್ಚಿಕೊಂಡರು.

ತುಟಿಯಲ್ಲಿ ಹೇಳುವುದಕ್ಕೆ ಇನ್ನು ಯಾರಿದ್ದರು? ನಾನು ಎದ್ದು ನಿಂತು ದನಿ ತೆಗೆದೆ. ಒರಟು ದನಿ, ನನಗೇ ಗುರುತು ಸಿಗದ ಹಾಗಿತ್ತು.

"ರಕ್ತ ಓಗೋದು ಇನ್ನೂ ನಿಂತಿರ್ಲಿಲ್ಲ. ಸೀರೆ ಮಡಿಸಿ ಕಟ್ಕಂಡು ತರಿ ಮುಂದೆ ನಿಂತಿದ್ದೆ. ನೀನು ಎದುರಿಗೇ ಇದ್ದೆ. ನೋಡ್ತಾ ಇದ್ದೆ. ಅದು ಎಣ್ಮಗು ಆಗಿತ್ತಂತೆ, ಸೂಲಗಿತ್ತಿ ಏಳಿದ್ಲು. ಅದ್ನೂ ನಿಂಗೆ ಏಳಾಕೆ ಆಗ್ಲಿಲ್ಲ ನಂಗೆ. ನೀನು ಕೇಳ್ಳೇ ಇಲ್ಲ."

ನಡುಮನೆಯಲ್ಲಿ ದೊಡ್ಡ ಟಿವಿಯ ಸದ್ದು ನಿಂತಿತು. ಬಾಗಿಲಿಗೆ ಮಗ ಬಂದ, ಅವನ ಹಿಂದೆ ಸೊಸೆ. ಮಗನ ಮುಖ ಬಿಳಿಚಿಕೊಂಡಿತ್ತು. ತನಗೊಬ್ಬಳು ಅಕ್ಕ ಇರಬೇಕಿತ್ತು ಎಂದು ಅವನಿಗೆ ಗೊತ್ತಾದದ್ದು ಆಗಲೇ. "ಅಮ್ಮಾ," ಎಂದ. ಮನೆಯಲ್ಲಿ ಎಲ್ಲರಿಗೂ ಕೇಳಿಸಿತ್ತು. ಕಣ್ಣು ಮುಚ್ಚಿ ಕೂತಿದ್ದ ಇವರ ಮುಖದಲ್ಲಿ ಮಾತ್ರ, ಸೀರಿಯಲ್ಲಿನ ಯಾವುದೋ ಮಾತಿಗೆ, ಸಣ್ಣಗೆ ನಗು ಬರುತ್ತಿತ್ತು.